ಘನಗಿರಿಗೆ ಒಂದು ಹಗಲು

ಊರು ನೋಡಿಬರುವ ಹವ್ಯಾಸವು ಮಧ್ಯಮವರ್ಗದ ಮನೆಗಳಲ್ಲಿ ಈಗ ಚೆನ್ನಾಗಿ ಬೇರೂರಿದೆ. ಒಂದು ಕಾಲದಲ್ಲಿ ಕಾಶಿ ರಾಮೇಶ್ವರಗಳಿಗೆ ಮಾತ್ರ ಮೀಸಲಾಗಿದ್ದ ಯಾತ್ರೆಯು ಇಂದು ಸಿಂಗಪುರವನ್ನೂ ರೋಮನ್ನೂ ಮುಟ್ಟಿದೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಇದರಲ್ಲೊಂದು ವಿಚಿತ್ರವುಂಟು. ಏಳು ಸಮುದ್ರ ದಾಟಿ ಯಾವುದೋ ಹಳೆಯ ಗೋಡೆಯ ಮುಂದೆ ನಿಂತು ಪಟ ತೆಗೆಸಿಕೊಂಡು ಬಂದವರನ್ನು, "ನಿಮ್ಮ ಮನೆಯಿಂದ ಒಂದು ಹೊತ್ತಿನ ದಾರಿಯಲ್ಲಿರುವ ಕೋಟೆಯನ್ನು ನೋಡಿದ್ದೀರಾ?" ಎಂದು ಕೇಳಿ ನೋಡಿ. "ಇಲ್ಲೇ ಇದೆಯಲ್ಲ, ಯಾವಾಗಲಾದರೂ ನೋಡಿದರಾಯಿತು" ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ 'ಯಾವಾಗಲಾದರೂ' ಎಂಬ ದಿನ ಮಾತ್ರ ಯಾವ ಪಂಚಾಂಗದಲ್ಲಿಯೂ ಬರುವುದಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯ ಒಂದು ಮನೆಯಲ್ಲಿ ಆ ದಿನವು ಕಳೆದ ವರ್ಷದ ಕಾರ್ತಿಕದಲ್ಲಿ ಬಂದಿತು.

ಆ ಮನೆಯ ಯಜಮಾನರು ನಿವೃತ್ತ ಮೇಷ್ಟರು. ಎಪ್ಪತ್ತನಾಲ್ಕು ವರ್ಷ ವಯಸ್ಸು. ಸುತ್ತಮುತ್ತಲ ಪ್ರೌಢಶಾಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಚರಿತ್ರೆಯ ಪಾಠ ಹೇಳಿದವರು. ವಿಜಯನಗರದ ಪಾಠ ಮುಗಿಯುವ ಹೊತ್ತಿಗೆ ಅವರು ಪ್ರತಿವರ್ಷವೂ ಒಂದು ವಾಕ್ಯವನ್ನು ಹೇಳಿ ಬರೆಸುತ್ತಿದ್ದರು: ರಕ್ಕಸತಂಗಡಿಯ ಯುದ್ಧವಾದ ಮೇಲೆ ರಾಜಧಾನಿಯು ಪೆನುಕೊಂಡೆಗೆ ವರ್ಗವಾಯಿತು. ಸರ್ಕಾರಿ ನೌಕರನಿಗೆ ಒಂದೂರಿಂದ ಇನ್ನೊಂದೂರಿಗೆ ವರ್ಗವಾದಷ್ಟೇ ಸರಾಗವಾಗಿ ಆ ವಾಕ್ಯ ಮುಗಿಯುತ್ತಿತ್ತು. ಮಕ್ಕಳು ಪುಸ್ತಕ ಮಡಚುತ್ತಿದ್ದರು. ಮೇಷ್ಟರು ಬಹಮನಿ ರಾಜ್ಯದ ಪಾಠಕ್ಕೆ ಹೋಗುತ್ತಿದ್ದರು. ಆ ಪೆನುಕೊಂಡೆಯಾದರೋ ದಿಬ್ಬೂರಹಳ್ಳಿಯಿಂದ ಬಾಗೇಪಲ್ಲಿಗೆ ಹೋಗಿ, ಅಲ್ಲಿಂದ ಹೈದರಾಬಾದಿನ ಹೆದ್ದಾರಿ ಹಿಡಿದರೆ ಸಿಕ್ಕುವ ಊರು. ಬೆಳಿಗ್ಗೆ ಹೊರಟವರು ದೀಪ ಹಚ್ಚುವ ವೇಳೆಗೆ ಮನೆ ಸೇರಬಹುದು. ಹೀಗಿದ್ದೂ ಮೇಷ್ಟರು ಅದನ್ನು ನೋಡಿರಲಿಲ್ಲ. ನೋಡದಿರಲು ಕಾರಣಗಳಿಗೇನೂ ಕೊರತೆಯಿರಲಿಲ್ಲ. ಶಾಲೆ, ಮೌಲ್ಯಮಾಪನ, ಹೆಣ್ಣುಮಕ್ಕಳ ಮದುವೆ, ಎಲ್ಲಕ್ಕಿಂತ ಹೆಚ್ಚಾಗಿ ಮನೆಯ ರೇಷ್ಮೆಹುಳು.

ಶಿಡ್ಲಘಟ್ಟದ ಸೀಮೆಯಲ್ಲಿ ಹುಳು ಸಾಕುವ ಮನೆಯವರಿಗೆ ಪ್ರವಾಸವೆಂಬುದು ಎಷ್ಟು ಕಷ್ಟವೆಂದು ಪಟ್ಟಣದ ವಾಚಕರಿಗೆ ತಿಳಿಯದಿರಬಹುದು. ಹೊತ್ತುಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಬೀಳಬೇಕು. ಮನೆಯವರ ಊಟ ತಪ್ಪಿದರೂ ಹುಳುವಿನ ಊಟ ತಪ್ಪಬಾರದು. ಆದರೆ ಹುಳು ತನ್ನ ಜೀವನದಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನು ಆ ಕಡೆಯವರು 'ಜ್ವರ'ವೆಂದು ಕರೆಯುತ್ತಾರೆ. ಜ್ವರಕ್ಕೆ ಕುಳಿತ ಹುಳು ತಲೆಯೆತ್ತಿಕೊಂಡು ನಿಶ್ಚಲವಾಗಿರುತ್ತದೆ. ಸರಿಸುಮಾರು ಒಂದು ದಿನ ಸೊಪ್ಪನ್ನು ಮುಟ್ಟುವುದಿಲ್ಲ. ಮನೆಯವರಿಗೆ ಅದೇ ರಜೆಯ ದಿನ. ಕಾರ್ತಿಕದ ಆ ಮುಂಜಾನೆ ಹುಳುಗಳು ನಾಲ್ಕನೆಯ ಜ್ವರಕ್ಕೆ ಕುಳಿತಿದ್ದವು. ಮೇಷ್ಟರು ಹುಳುಮನೆಯ ಬಾಗಿಲಲ್ಲಿ ನಿಂತು, "ಇವೊತ್ತು ಹೋಗೋಣ" ಎಂದುಬಿಟ್ಟರು.

ಹೀಗೆ ಹೇಳಿದುದಕ್ಕೆ ಇನ್ನೆರಡು ಕಾರಣಗಳಿದ್ದವು. ಮೊದಲನೆಯದು, ಮೊಮ್ಮಗ ಊರಿಗೆ ಬಂದಿದ್ದುದು. ಹುಡುಗ ಇಟಲಿಯ ಮಿಲಾನಿನಲ್ಲಿ ಎರಡು ವರ್ಷ ಎಂಜಿನಿಯರಿಂಗ್ ವ್ಯಾಸಂಗ ಮಾಡಿದವನು. ರಜೆಯಲ್ಲಿ ಒಮ್ಮೆ ಫ್ಲಾರೆನ್ಸಿಗೆ ಹೋಗಿದ್ದಾಗ, ಅಲ್ಲಿಂದ ಒಂದೂವರೆ ಗಂಟೆಯ ದಾರಿಯಾದ ಸಿಯೆನಾ ನಗರವನ್ನು ಒಂದು ಹಗಲಿನಲ್ಲಿ ನೋಡಿಬಂದಿದ್ದನು. ಮನೆಗೆ ಬಂದ ದಿನದಿಂದ ಅವನ ಬಾಯಲ್ಲಿ ಸಿಯೆನಾದ ಮಾತೇ. ಚಿಪ್ಪಿನಂತೆ ಇಳಿಜಾರಾಗಿ ಹರಡಿದ ಅದರ ಚೌಕ, ಆ ಚೌಕದ ಅಂಚಿನಲ್ಲಿ ಎದ್ದುನಿಂತ ಇಟ್ಟಿಗೆಯ ಗೋಪುರ, ವರ್ಷಕ್ಕೆರಡು ಸಲ ಜುಲೈ 2ರಂದು ಮತ್ತು ಆಗಸ್ಟ್ 16ರಂದು ಅದೇ ಚೌಕದಲ್ಲಿ ನಡೆಯುವ ಕುದುರೆ ಓಟ, ಎಲ್ಲವನ್ನೂ ಅವನು ವರ್ಣಿಸಿದನು. "ಏಳುನೂರು ವರ್ಷದ ಊರು, ತಾತ. ಇನ್ನೂ ಜನ ಅಲ್ಲೇ ಬಟ್ಟೆ ಒಣಗಿಸ್ತಾರೆ. ನಮ್ಮ ಕಡೆ ಅಂಥದ್ದು ಎಲ್ಲಿದೆ?" ಎಂದನು. ಮೇಷ್ಟರು ಉತ್ತರ ಕೊಡಲಿಲ್ಲ. ಆದರೆ ಆ ಮಾತು ಅವರ ಮನಸ್ಸಿನಲ್ಲಿ ಉಳಿಯಿತು.

ಎರಡನೆಯ ಕಾರಣವು ಮೇಷ್ಟರಿಗೂ ಅವರ ಪತ್ನಿಗೂ ಮಾತ್ರ ತಿಳಿದುದು. ಎರಡು ವರ್ಷದ ಹಿಂದೆ ಅವರು ಹೊಸಲು ದಾಟುವಾಗ ಬಾಗಿಲ ಚೌಕಟ್ಟಿಗೆ ಭುಜ ತಾಕಿಸಿಕೊಳ್ಳತೊಡಗಿದರು. ಪಕ್ಕದಲ್ಲಿ ಬಂದು ನಿಂತವರನ್ನು ಕಾಣದಾದರು. ಬೆಂಗಳೂರಿನ ಕಣ್ಣಿನ ವೈದ್ಯರು ಪರೀಕ್ಷೆ ಮಾಡಿ ಗ್ಲಾಕೋಮ ಎಂದರು. ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಸವೆಯುವ ಕಾಯಿಲೆ ಅದು. ಮೊದಲು ಇಕ್ಕೆಲದ ನೋಟ ಹೋಗುತ್ತದೆ. ಕೊಳವೆಯಲ್ಲಿ ನೋಡಿದಂತೆ ನೇರ ಮುಂದಿನದು ಮಾತ್ರ ಉಳಿಯುತ್ತದೆ. ಹೋದ ನೋಟ ಮರಳಿ ಬಾರದು. ತೊಟ್ಟು ತೊಟ್ಟು ಔಷಧ ಬಿಟ್ಟು, ಉಳಿದುದನ್ನು ಉಳಿಸಿಕೊಳ್ಳಬಹುದು. ಔಷಧ ತಪ್ಪಿರಲಿಲ್ಲ. ಆದರೂ ಕೊಳವೆ ಸಣ್ಣದಾಗುತ್ತಿತ್ತು. ಮಕ್ಕಳಿಗೆ ಹೇಳುವುದು ಬೇಡವೆಂದು ಮೇಷ್ಟರು ಪತ್ನಿಯಿಂದ ಮಾತು ತೆಗೆದುಕೊಂಡಿದ್ದರು.

ಬಾಡಿಗೆಯ ಕಾರು ಏಳು ಗಂಟೆಗೆ ಹೊರಟಿತು. ಅಜ್ಜಿ ಪುಳಿಯೋಗರೆಯನ್ನೂ ಮೊಸರನ್ನವನ್ನೂ ಕಟ್ಟಿಕೊಂಡಿದ್ದರು. ಕಣ್ಣಿನ ಔಷಧದ ಸೀಸೆ ಅವರ ಸೆರಗಿನ ಗಂಟಿನಲ್ಲಿತ್ತು. ಬಾಗೇಪಲ್ಲಿ ದಾಟಿದ ಮೇಲೆ ಕರ್ನಾಟಕದ ಎಲ್ಲೆ ಮುಗಿದು ಆಂಧ್ರದ ನೆಲ ಮೊದಲಾಯಿತು. ನಕ್ಷೆಯಲ್ಲಿ ಅಲ್ಲೊಂದು ಗೆರೆಯುಂಟು; ನೆಲಕ್ಕೆ ಅದು ತಿಳಿದಂತಿಲ್ಲ. ಅದೇ ಬೋಳುಗುಡ್ಡ, ಅದೇ ಕೆಂಪುಮಣ್ಣು, ಅದೇ ಕಡಲೆಕಾಯಿಯ ಹೊಲ. ದಿಬ್ಬೂರಹಳ್ಳಿಯ ಕಡೆಯವರು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡನ್ನೂ ಆಡುವವರು. ಅವರಿಗೆ ಅದು ಪರದೇಶವೆಂದು ತೋರಲೇ ಇಲ್ಲ.

ಪೆನುಕೊಂಡೆ ಎಂದರೆ ತೆಲುಗಿನಲ್ಲಿ ದೊಡ್ಡ ಬೆಟ್ಟ. ಸಂಸ್ಕೃತದ ಶಾಸನಕಾರರು ಇದನ್ನೇ ಘನಗಿರಿ ಎಂದರು. ದಶಕಗಳ ಕಾಲ ಅನಂತಪುರ ಜಿಲ್ಲೆಗೆ ಸೇರಿದ್ದ ಊರು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಬುಕ್ಕರಾಯನು ಈ ಸೀಮೆಯನ್ನು ತನ್ನ ಮಗ ವಿರೂಪಣ್ಣನಿಗೆ ವಹಿಸಿದುದನ್ನು 1354ರ ಶಾಸನವೊಂದು ಹೇಳುತ್ತದೆ. ಎಂದರೆ ವಿಜಯನಗರ ಹುಟ್ಟಿದ ಕಾಲದಿಂದಲೂ ಇದು ಆ ಮನೆತನದ ಎರಡನೆಯ ಮನೆ. ಊರೊಳಗೆ ಹೋಗುವಾಗ ಶ್ರೀಕೃಷ್ಣದೇವರಾಯನ ಪ್ರತಿಮೆ ಸ್ವಾಗತಿಸುತ್ತದೆ. ಅದರ ಹಿಂದೆ ಬಂಡೆಯ ಮೇಲೆ ಬಂಡೆ ಪೇರಿಸಿದಂತೆ ಬೆಟ್ಟ; ಬಂಡೆಗಳ ನಡುವೆ ಹಾವಿನಂತೆ ಹತ್ತಿ ಹೋಗುವ ಕೋಟೆಯ ಗೋಡೆ.

ಮೇಷ್ಟರು ಕಾರಿನಿಂದ ಇಳಿದವರು ಸ್ವಲ್ಪ ಹೊತ್ತು ಅಲ್ಲೇ ನಿಂತರು. ಬೆಟ್ಟವನ್ನು ಅವರು ಒಮ್ಮೆಗೇ ನೋಡಲಾರರು. ಎಡದಿಂದ ಬಲಕ್ಕೆ ಮುಖವನ್ನು ಮೆಲ್ಲನೆ ತಿರುಗಿಸುತ್ತ, ಪುಸ್ತಕದ ಸಾಲನ್ನು ಓದುವವರಂತೆ ಅದನ್ನು ಓದಿ ಮುಗಿಸಿದರು. ಮೊಮ್ಮಗನಿಗೆ ಅದು ಭಕ್ತಿಯಂತೆ ಕಂಡಿತು.

ಊರ ನಡುವೆ ರಾಮನ ಗುಡಿಯೂ ಶಿವನ ಗುಡಿಯೂ ಅಣ್ಣತಮ್ಮಂದಿರಂತೆ ಅಕ್ಕಪಕ್ಕದಲ್ಲಿ ನಿಂತಿವೆ. ರಾಮನ ಗುಡಿಯ ಹೊರಗೋಡೆಯ ತುಂಬ ರಾಮಾಯಣದ ಚಿಕ್ಕ ಚಿಕ್ಕ ಶಿಲ್ಪಗಳು. ಸಮೀಪದಲ್ಲಿಯೇ ಹಳೆಯ ಮಸೀದಿ. ಗುಡಿಯ ಪಕ್ಕದ ಮನೆಯ ಹೆಂಗಸು ಹಗ್ಗದ ಮೇಲೆ ಸೀರೆ ಒಣಹಾಕುತ್ತಿದ್ದಳು. ಮೊಮ್ಮಗ ಅದನ್ನು ನೋಡಿ ತನ್ನ ಮಾತನ್ನು ತಾನೇ ನೆನೆದುಕೊಂಡು ನಕ್ಕನು. ಆ ಹೆಂಗಸು, "ಮೀದಿ ಏ ಊರು?" ಎಂದು ಕೇಳಿದಳು. ಅಜ್ಜಿ ತೆಲುಗಿನಲ್ಲಿಯೇ ಉತ್ತರ ಕೊಟ್ಟರು. ಎರಡು ನಿಮಿಷದೊಳಗೆ ಶಿಡ್ಲಘಟ್ಟದಲ್ಲಿ ಗೂಡಿನ ದರವೆಷ್ಟೆಂಬುದರಿಂದ ಹಿಡಿದು ಸೊಸೆಯಂದಿರ ಸ್ವಭಾವದವರೆಗೆ ಮಾತು ಬೆಳೆಯಿತು. ಕುಡಿಯಲು ನೀರೂ ಬಂತು. ಸಿಯೆನಾದಲ್ಲಿ ನಕ್ಷೆ ಸಿಕ್ಕಿತ್ತು, ಟಿಕೆಟು ಸಿಕ್ಕಿತ್ತು, ಕುಳಿತುಕೊಳ್ಳಲು ಬೆಂಚೂ ಸಿಕ್ಕಿತ್ತು. ಹೀಗೆ ಕೇಳದೆ ಬಂದ ನೀರು ಮಾತ್ರ ಸಿಕ್ಕಿರಲಿಲ್ಲವೆಂದು ಹುಡುಗನೇ ಹೇಳಿದನು.

ಶಿಲ್ಪಗಳ ಸಾಲಿನ ಮುಂದೆ ಮೇಷ್ಟರು ಗೋಡೆಗೆ ತೀರ ಹತ್ತಿರ ನಿಂತಿದ್ದರು. ಕಪಿಯ ಬಾಲ ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುತ್ತದೆಂದು ಅವರಿಗೆ ಗೊತ್ತಾಗಲಿಲ್ಲ. ಅಜ್ಜಿ ಬಂದು ಅವರ ಕೈಯನ್ನು ಹಿಡಿದು ತೋರುಬೆರಳನ್ನು ಕಲ್ಲಿನ ಮೇಲಿಟ್ಟರು. "ಇಲ್ಲಿ ರಾಮ ಬಿಲ್ಲು ಎತ್ತಿದಾನೆ. ಇಗೋ, ಇದು ಆಂಜನೇಯನ ಬಾಲ. ಹೀಗೇ ಬನ್ನಿ" ಎಂದು ಮೆಲುದನಿಯಲ್ಲಿ ಹೇಳುತ್ತ ನಡೆಸಿಕೊಂಡು ಹೋದರು. ನಲವತ್ತೈದು ವರ್ಷದ ಸಂಸಾರದಲ್ಲಿ ಪಾಠ ಹೇಳಿದವರು ಯಾವಾಗಲೂ ಅವರೇ. ಅಂದು ಕಥೆ ಹೇಳಿದವರು ಇವರು.

ಅಲ್ಲಿಂದ ಅವರು ಪಾರ್ಶ್ವನಾಥ ಬಸದಿಗೆ ಹೋದರು. ದಿಲ್ಲಿ, ಕೊಲ್ಲಾಪುರ, ಜಿನಕಂಚಿ, ಪೆನುಕೊಂಡೆ ಇವು ಜೈನರ ನಾಲ್ಕು ವಿದ್ಯಾಪೀಠಗಳೆಂದು ಸಂಪ್ರದಾಯ. ಬಸದಿಯೊಳಗಿನ ಪಾರ್ಶ್ವನಾಥನ ವಿಗ್ರಹವನ್ನು ಜನ ಪಚ್ಚೆ ಪಾರ್ಶ್ವನಾಥನೆಂದು ಕರೆಯುತ್ತಾರೆ. ಹೊಯ್ಸಳ ಕಾಲದ ಕೊನೆಯ ಶೈಲಿಯದೆಂದು ವಿದ್ವಾಂಸರ ಅಭಿಪ್ರಾಯ. ನೇರ ನಿಂತ ತೀರ್ಥಂಕರನ ಹಿಂದೆ ಸರ್ಪವೊಂದು ಅಲೆಯಲೆಯಾಗಿ ಬಳುಕಿ ಮೇಲೇರಿ ತಲೆಯ ಮೇಲೆ ಹೆಡೆ ಬಿಚ್ಚಿದೆ. ನಿಶ್ಚಲನಾದವನು ಮುಂದೆ, ಚಲಿಸುವುದೆಲ್ಲ ಹಿಂದೆ. ಮೇಷ್ಟರು ಮೊದಲು ಪಾದವನ್ನು ನೋಡಿದರು, ಆಮೇಲೆ ಸರ್ಪದ ಒಂದೊಂದೇ ಬಳುಕನ್ನು, ಕೊನೆಗೆ ಮುಖವನ್ನು. ಎಲ್ಲರೂ ಎರಡು ನಿಮಿಷದಲ್ಲಿ ನೋಡಿ ಮುಗಿಸುವುದಕ್ಕೆ ಅವರಿಗೆ ಕಾಲುಗಂಟೆ ಹಿಡಿಯಿತು. ಹೊರಗೆ ಬಂದು, "ಚೂರು ಚೂರಾಗಿ ನೋಡಿದರೇ ಸರಿ, ಒಟ್ಟಿಗೆ ನೋಡಿದರೆ ಸರ್ಪ ತಪ್ಪಿಹೋಗುತ್ತೆ" ಎಂದರು. ಪ್ರಾಂಗಣದ ಒಂದು ಕಲ್ಲಿನಲ್ಲಿ ಹಳೆಯ ಅಕ್ಷರಗಳಿದ್ದವು. ಬೆರಳಾಡಿಸಿ ಎರಡು ಮೂರನ್ನು ಗುರುತಿಸಿದರು. "ಇದು ಕನ್ನಡವೋ ತೆಲುಗೋ?" ಎಂದು ಮೊಮ್ಮಗ ಕೇಳಿದನು. ಆ ಕಾಲದಲ್ಲಿ ಎರಡಕ್ಕೂ ಲಿಪಿ ಹೆಚ್ಚುಕಡಿಮೆ ಒಂದೇ ಎಂದು ಮೇಷ್ಟರು ವಿವರಿಸಿದರು. ಅಕ್ಷರಗಳು ಬೇರೆಯಾದುದು ಈಚೆಗೆ.

ಬಾಬಯ್ಯನ ದರ್ಗಾಕ್ಕೆ ಹಿಂದೂಗಳೂ ಮುಸಲ್ಮಾನರೂ ಸಮನಾಗಿ ಬರುತ್ತಾರೆ. ಅಲ್ಲಿ ಸಕ್ಕರೆ ಹಂಚಿ, ಸಮೀಪದ ಹುಣಿಸೆಮರದ ನೆರಳಿನಲ್ಲಿ ಊಟಕ್ಕೆ ಕುಳಿತಾಗ ಚರಿತ್ರೆಯ ಮಾತು ಬಂತು.

"ತಾತ, ಇದು ರಾಜಧಾನಿ ಆಗಿದ್ದು ಎಷ್ಟು ವರ್ಷ?"

"ಅರವತ್ತೈದರಿಂದ ತೊಂಬತ್ತೆರಡರ ಸುಮಾರಿನವರೆಗೆ. ಸಾವಿರದ ಐನೂರರ ಲೆಕ್ಕ ಕಣಪ್ಪ" ಎಂದು ಮೇಷ್ಟರು ಆರಂಭಿಸಿದರು. 1565ನೆಯ ಜನವರಿ 23ರಂದು ಯುದ್ಧದಲ್ಲಿ ರಾಮರಾಯ ಮಡಿದನು. ಅವನ ತಮ್ಮ ತಿರುಮಲನು ಒಂದು ಕಣ್ಣು ಕಳೆದುಕೊಂಡು ಹಿಂದಿರುಗಿದನೆಂದು ಇತಿಹಾಸಕಾರರು ಬರೆದಿದ್ದಾರೆ. ಅವನು ಆನೆಗಳ ಮೇಲೆ ಭಂಡಾರವನ್ನು ಹೇರಿಸಿ, ಹೆಸರಿಗೆ ಮಾತ್ರ ಅರಸನಾಗಿದ್ದ ಸದಾಶಿವರಾಯನನ್ನೂ ಕರೆದುಕೊಂಡು ಈ ಕಡೆಗೆ ಬಂದನು. ಐದು ವರ್ಷದ ಅನಂತರ ತಾನೇ ಪಟ್ಟಕ್ಕೆ ಬಂದನು. 1577ರಲ್ಲಿ ಬಿಜಾಪುರದ ಸೈನ್ಯ ಇದೇ ಬೆಟ್ಟವನ್ನು ಮುತ್ತಿದಾಗ ಜಗದೇವರಾಯನು ಕೋಟೆಯನ್ನು ಉಳಿಸಿಕೊಟ್ಟನು. ಅದರ ಫಲವಾಗಿ ಬಾರಾಮಹಲಿನ ಸೀಮೆ ಅವನಿಗೆ ದೊರೆಯಿತು, ಚನ್ನಪಟ್ಟಣ ಅವನ ರಾಜಧಾನಿಯಾಯಿತು. ಮುಂದೆ ಎರಡನೆಯ ವೆಂಕಟಪತಿರಾಯನ ಕಾಲದಲ್ಲಿ ಆಸ್ಥಾನ ಚಂದ್ರಗಿರಿಗೆ ಹೋಯಿತು.

"ಇನ್ನೊಂದು ವಿಷಯ ಕೇಳು. ನಿಮ್ಮ ಇಟಲಿಯವನೊಬ್ಬನು ಈ ಊರಿನ ಹೆಸರು ಬರೆದಿಟ್ಟಿದ್ದಾನೆ" ಎಂದರು ಮೇಷ್ಟರು. ಚೆಸಾರೆ ಫೆಡೆರಿಚಿ ಎಂಬ ವೆನಿಸ್ಸಿನ ವರ್ತಕನು 1567ರಲ್ಲಿ ಗೋವೆಯಿಂದ ವಿಜಯನಗರಕ್ಕೆ ಬಂದನು. ಏಳು ತಿಂಗಳು ಅಲ್ಲಿದ್ದನು. ಯುದ್ಧವಾಗಿ ಎರಡೇ ವರ್ಷ. ಮನೆಗಳು ನಿಂತಿದ್ದವು, ಆದರೆ ಬರಿದಾಗಿದ್ದವು. ಅವುಗಳಲ್ಲಿ ಹುಲಿ ಮೊದಲಾದ ಕಾಡುಮೃಗಗಳಿವೆಯೆಂದು ಜನ ಹೇಳುತ್ತಿದ್ದರು. ಅರಸನು ಎಂಟು ದಿನದ ದಾರಿಯಾದ ಪೆನುಕೊಂಡೆಯ ದುರ್ಗದಲ್ಲಿ ವಾಸವಾಗಿದ್ದಾನೆಂದು ಆ ವರ್ತಕನು ದಾಖಲಿಸಿದನು. ಅವನ ಪ್ರವಾಸಕಥನವು 1587ರಲ್ಲಿ ವೆನಿಸ್ಸಿನಲ್ಲಿ ಅಚ್ಚಾಯಿತು.

ಮೊಮ್ಮಗ ತುತ್ತನ್ನು ಕೈಯಲ್ಲಿಯೇ ಹಿಡಿದು ಕುಳಿತಿದ್ದನು. ಅವನಿಗೂ ಒಂದು ಕಥೆ ನೆನಪಾಯಿತು. ಸಿಯೆನಾವು ಶತಮಾನಗಳ ಕಾಲ ಸ್ವತಂತ್ರ ಗಣರಾಜ್ಯವಾಗಿತ್ತು. 1348ರ ಮಹಾಮಾರಿಯಲ್ಲಿ ಜನ ಅಪಾರವಾಗಿ ಸತ್ತರು. ಹಿಗ್ಗಿಸಲು ತೊಡಗಿದ್ದ ಪ್ರಧಾನ ಇಗರ್ಜಿ ಅಲ್ಲಿಗೇ ನಿಂತಿತು. ಮುಗಿಯದ ಆ ಗೋಡೆ ಇಂದಿಗೂ ಬಯಲಿನಲ್ಲಿ ನಿಂತಿದೆ, ಪ್ರವಾಸಿಗರು ಅದರ ಮೇಲೆ ಹತ್ತಿ ಊರು ನೋಡುತ್ತಾರೆ. 1554ರಲ್ಲಿ ಫ್ಲಾರೆನ್ಸಿನವರೂ ಸ್ಪೇನಿನವರೂ ಸೇರಿ ಊರನ್ನು ಮುತ್ತಿದರು. ವರ್ಷಕ್ಕೂ ಮಿಕ್ಕಿ ಹಸಿವನ್ನು ಸಹಿಸಿದ ನಗರವು 1555ರ ಏಪ್ರಿಲಿನಲ್ಲಿ ಶರಣಾಯಿತು. ಆದರೆ ಶರಣಾಗಲೊಲ್ಲದ ಕುಟುಂಬಗಳು ದಕ್ಷಿಣದ ಮೊಂಟಾಲ್ಚಿನೊ ಎಂಬ ಬೆಟ್ಟದೂರಿಗೆ ಹೋದವು. ಅಲ್ಲಿ 1361ರಲ್ಲಿ ಕಟ್ಟಿದ ಕೋಟೆಯಿತ್ತು. ಅದರೊಳಗೆ ಅವರು ಸಿಯೆನಾ ಗಣರಾಜ್ಯವನ್ನು ಇನ್ನೂ ನಾಲ್ಕು ವರ್ಷ ಜೀವಂತವಾಗಿಟ್ಟರು. 1559ರ ಕೌಲಿನಿಂದ ಅದೂ ಮುಗಿಯಿತು. ಆ ಉಪಕಾರವನ್ನು ಮರೆಯದೆ, ಕುದುರೆ ಓಟದ ಮೊದಲಿನ ಮೆರವಣಿಗೆಯಲ್ಲಿ ಸಿಯೆನಾದವರು ಮೊಂಟಾಲ್ಚಿನೊಗೆ ಗೌರವದ ಸ್ಥಾನ ಕೊಡುತ್ತಾರೆ.

ಮೇಷ್ಟರ ಮುಖ ಅರಳಿತು. "ಐವತ್ತೈದು! ನಮ್ಮದು ಅರವತ್ತೈದು! ಹತ್ತೇ ವರ್ಷ!" ಎಂದು ಎರಡು ಸಲ ಹೇಳಿದರು. ಹಾಗಾದರೆ ತಾವು ಕುಳಿತಿರುವುದು ವಿಜಯನಗರದ ಮೊಂಟಾಲ್ಚಿನೊದಲ್ಲಿ. ಸೋತವರು ಬಂದು ಸೇರಿದ ಊರು; ಆದರೆ ಸೋಲನ್ನು ಒಪ್ಪದೆ ಇದ್ದ ಊರು. ತಾನು ನೋಡಿದ ಸಿಯೆನಾಗೆ ಸರಿಜೋಡಿ ಹಂಪಿಯೆಂದು ಹುಡುಗ ಇದುವರೆಗೆ ಎಣಿಸಿದ್ದನು. ಆದರೆ ಹಂಪಿಯ ಅರಮನೆಯ ಬೀದಿಗಳಲ್ಲಿ ಮನೆಮಾತು ನಿಂತುಹೋಗಿದೆ. ಇಲ್ಲಿ ಅದು ನಡೆದೇ ಇದೆ. ಯಾತ್ರಿಕರ ಪಟ್ಟಿಯಲ್ಲಿ ಮೊದಲನೆಯ ಸ್ಥಾನ ಸಿಕ್ಕದ ಊರಿಗೆ ಇದೊಂದು ಸಮಾಧಾನ.

ಬಿಸಿಲು ಇಳಿಮುಖವಾದಾಗ ಗಗನಮಹಲಿಗೆ ಹೋದರು. ಹೆಸರು ಕೇಳಿ ಆಕಾಶ ಮುಟ್ಟುವ ಅರಮನೆಯನ್ನು ನಿರೀಕ್ಷಿಸಿ ಹೋದವರಿಗೆ ಅದು ಚಿಕ್ಕದೆನಿಸಬಹುದು. ಎರಡೇ ಅಂತಸ್ತು. ಕೆಳಗೆ ಕಮಾನುಗಳು, ಮೇಲೆ ಗುಡಿಯ ಶಿಖರದಂತೆ ಏರುವ ಗೋಪುರ. ಬಿಜಾಪುರದ ಕಮಾನು, ದಕ್ಷಿಣದ ಶಿಖರ, ಎರಡೂ ಒಂದೇ ಗಾರೆಯಲ್ಲಿ ಬೆಸೆದಿವೆ. ರಣರಂಗದಲ್ಲಿ ಯಾರೊಡನೆ ಕಾದಿದರೋ ಅವರ ಕಮಾನನ್ನೇ ಅರಸರು ತಮ್ಮ ಮನೆಗೆ ಇರಿಸಿಕೊಂಡಿದ್ದರು. ಯುದ್ಧ ಮಾಡುವವರು ಬೇರೆ, ಗಾರೆಯವರು ಬೇರೆ. ಗಾರೆಯವನು ಚೆಂದವಾದುದನ್ನು ಎಲ್ಲಿ ಕಂಡರೂ ಕಲಿತುಕೊಳ್ಳುತ್ತಾನೆ.

ಊರಿನವನೊಬ್ಬನು ಜೊತೆಗೆ ಬಂದು, ಸಾಳುವ ತಿಮ್ಮರಸನ ಸಮಾಧಿಯೆಂದು ಸ್ಥಳೀಯರು ಹೇಳುವ ಜಾಗವನ್ನು ತೋರಿಸಿದನು. ಕೃಷ್ಣದೇವರಾಯನು ತಂದೆಯಂತೆ ಗೌರವಿಸಿ 'ಅಪ್ಪಾಜಿ' ಎಂದು ಕರೆಯುತ್ತಿದ್ದ ಮಂತ್ರಿ ಆತ. ರಾಯನ ಎಳೆಯ ಮಗ ಸತ್ತಾಗ ವಿಷವಿಕ್ಕಿದ ಆರೋಪ ಅವನ ಮೇಲೆ ಬಂತು. ರಾಯನು ಅವನ ಕಣ್ಣು ಕೀಳಿಸಿದನೆಂದು ಪೋರ್ಚುಗೀಸರ ನೂನಿಜ್ ಬರೆದಿದ್ದಾನೆ. ಮುದುಕನು ತನ್ನ ಕೊನೆಯ ದಿನಗಳನ್ನು ಪೆನುಕೊಂಡೆಯ ಸೆರೆಯಲ್ಲಿ ಕಳೆದನೆಂಬುದು ಊರಿನವರ ನಂಬಿಕೆ.

ಯಾರೂ ಮಾತಾಡಲಿಲ್ಲ. ಅಜ್ಜಿ ಸೆರಗಿನ ಗಂಟನ್ನು ಬಿಚ್ಚಿ ಸೀಸೆಯನ್ನು ತೆಗೆದರು, ಔಷಧದ ವೇಳೆಯಾಗಿತ್ತು. ಮೇಷ್ಟರು ಕಲ್ಲಿನ ಮೇಲೆ ಕುಳಿತು ಮುಖವೆತ್ತಿದರು. ಒಂದೊಂದು ಕಣ್ಣಿಗೆ ಒಂದೊಂದು ತೊಟ್ಟು. ಮೊಮ್ಮಗ ಬೆರಗಾಗಿ ನೋಡುತ್ತಿದ್ದನು.

"ತಾತ, ಕಣ್ಣಿಗೆ ಏನಾಗಿದೆ?"

ಮೇಷ್ಟರು ಕಣ್ಣು ಮುಚ್ಚಿಕೊಂಡೇ ಹೇಳಿದರು: "ತಿಮ್ಮರಸನ ಕಣ್ಣನ್ನ ಕಿತ್ತರು. ನನ್ನವು ಹಾಗಲ್ಲಪ್ಪ; ಬಹಳ ದಿನ ಕೆಲಸ ಮಾಡಿದ್ದೀವಿ ಅಂತ ತಾವೇ ರಜಾ ಅರ್ಜಿ ಬರೆದುಕೊಟ್ಟಿವೆ. ನಾನಿನ್ನೂ ಮಂಜೂರು ಮಾಡಿಲ್ಲ."

ಹುಡುಗ ನಗಲಿಲ್ಲ. ಬೆಳಗಿನಿಂದ ಕಂಡದ್ದೆಲ್ಲ ಅವನ ಮನಸ್ಸಿನಲ್ಲಿ ಬೇರೆಯಾಗಿ ಜೋಡಣೆಗೊಂಡಿತು. ಬೆಟ್ಟವನ್ನು ಸಾಲು ಸಾಲಾಗಿ ಓದಿದುದು, ಗೋಡೆಗೆ ಅಷ್ಟು ಹತ್ತಿರ ನಿಂತುದು, ಅಜ್ಜಿ ಬೆರಳು ಹಿಡಿದು ನಡೆಸಿದುದು. "ನನಗೆ ಯಾಕೆ ಹೇಳಲಿಲ್ಲ, ಅಜ್ಜಿ?" ಎಂದನು. ಅಜ್ಜಿ ಸೀಸೆಗೆ ಮುಚ್ಚಳ ತಿರುಗಿಸುತ್ತ, "ನೀನು ಓದೋಕೆ ಹೋಗಿದ್ದೆ. ಓದೋ ಹುಡುಗನಿಗೆ ಇಂಥದ್ದನ್ನ ಹೇಳ್ತಾರಾ?" ಎಂದರು. ಇದಕ್ಕೆ ಹುಡುಗನಲ್ಲಿ ಉತ್ತರವಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವನು ಎದ್ದನು. "ತಾತ, ನಾನು ಬೆಟ್ಟ ಹತ್ತುತೀನಿ. ನೀವು ಇಲ್ಲೇ ಕೂತಿರಿ. ಫೋನಿನಲ್ಲಿ ಎಲ್ಲಾ ಹೇಳ್ತೀನಿ" ಎಂದು ಹೊರಟನು.

ಆಗ ನಡೆದುದು ವಿಲಕ್ಷಣವಾದ ಒಂದು ಪಾಠ. ಮೇಷ್ಟರು ಕೆಳಗೆ ನೆರಳಿನಲ್ಲಿ ಫೋನನ್ನು ಕಿವಿಗಿಟ್ಟುಕೊಂಡು ಕುಳಿತಿದ್ದರು. ಹುಡುಗ ಏದುಸಿರು ಬಿಡುತ್ತ ಮೇಲಿನಿಂದ ಹೇಳುತ್ತಿದ್ದನು: ಬಾಗಿಲಾಯಿತು, ಇನ್ನೊಂದು ಬಾಗಿಲು, ಗೋಡೆ ಬಂಡೆಯನ್ನೇ ಬುಡವಾಗಿ ಮಾಡಿಕೊಂಡಿದೆ, ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ್ದಾರೆ, ಇಲ್ಲೊಂದು ದೊಣೆ, ನೀರಿದೆ, ಚಾವಣಿ ಬಿದ್ದ ಮಂಟಪ, ಮೇಕೆಗಳು. ಮೇಷ್ಟರು ನಡುನಡುವೆ ಪ್ರಶ್ನೆ ಹಾಕುತ್ತಿದ್ದರು. ಬಾಗಿಲು ನೇರವಾಗಿದೆಯೋ, ತಿರುವಿನಲ್ಲಿದೆಯೋ? ತಿರುವಿನಲ್ಲಿದ್ದರೆ ಆನೆ ಓಡಿ ಬಂದು ಗುದ್ದಲಾರದು. ನೀರು ಎಷ್ಟು ಕಡೆ ಇದೆ? ಮುತ್ತಿಗೆಯನ್ನು ಗೆಲ್ಲಿಸುವುದು ಕತ್ತಿಯಲ್ಲ, ನೀರು. ಹೀಗೆ ಶಿಷ್ಯನ ಕಣ್ಣೂ ಗುರುವಿನ ನೆನಪೂ ಸೇರಿ ಆ ಕೋಟೆಯನ್ನು ಮತ್ತೊಮ್ಮೆ ಕಟ್ಟಿದವು.

"ಈಗ ವಾಯವ್ಯಕ್ಕೆ ತಿರುಗು. ಏನು ಕಾಣುತ್ತೆ?"

"ಬರೀ ಗುಡ್ಡ, ತಾತ. ಆಚೆ ಮಬ್ಬು."

"ಆ ಮಬ್ಬಿನ ಆಚೆ ವಿಜಯನಗರ. ಎಂಟು ದಿನದ ದಾರಿ. ಅವರೂ ಅಲ್ಲಿ ನಿಂತು ಅದೇ ಮಬ್ಬು ನೋಡಿರಬೇಕು."

ಫೋನಿನಲ್ಲಿ ಒಂದು ಕ್ಷಣ ಗಾಳಿಯ ಸದ್ದು ಮಾತ್ರ ಕೇಳಿಸಿತು. ಅನಂತರ ಹುಡುಗ ಊರನ್ನು ವರ್ಣಿಸಿದನು: ಗುಡಿಗಳ ಶಿಖರ, ಮಸೀದಿ, ಮನೆಗಳ ಮಹಡಿ, ರೈಲು ದಾರಿ, ಹೆದ್ದಾರಿ, ಹೆದ್ದಾರಿಯ ಬಳಿ ಎರ್ರಮಂಚಿಯಲ್ಲಿ ಮೈಲುದ್ದ ಹರಡಿದ ಬಿಳಿಯ ಚಾವಣಿಗಳು. ಅದು ಕೊರಿಯಾದ ಕಿಯಾ ಸಂಸ್ಥೆಯ ಮೋಟಾರು ಕಾರ್ಖಾನೆ. 2019ರಿಂದ ಅಲ್ಲಿ ಕಾರುಗಳು ತಯಾರಾಗುತ್ತಿವೆ. "ಪರದೇಶದವರು ಬರೋದು ಇಲ್ಲಿಗೆ ಹೊಸದಲ್ಲ ಬಿಡು" ಎಂದರು ಮೇಷ್ಟರು.

ಹಿಂದಿರುಗುವಾಗ ಹುಡುಗ ಮುಂದಿನ ಸೀಟಿನಲ್ಲಿ ಕುಳಿತುಕೊಳ್ಳದೆ ತಾತನ ಪಕ್ಕದಲ್ಲಿ ಕುಳಿತನು. ಮುಂದಿನ ವಾರ ವೈದ್ಯರ ಬಳಿಗೆ ತಾನೇ ಕರೆದುಕೊಂಡು ಹೋಗುವುದಾಗಿ ಹೇಳಿದನು. ಒತ್ತಡದ ಅಂಕಿಗಳನ್ನೆಲ್ಲ ಕೇಳಿ ಬರೆದುಕೊಂಡನು. ಈ ಕಾಯಿಲೆ ಮನೆತನದಲ್ಲಿ ಬರುವುದುಂಟಾದ್ದರಿಂದ ಅವನ ತಂದ, ಚಿಕ್ಕಪ್ಪಂದಿರೂ ಪರೀಕ್ಷೆ ಮಾಡಿಸಿಕೊಳ್ಳಬೇಕೆಂಬ ಮಾತೂ ಅಂದೇ ನಿಶ್ಚಯವಾಯಿತು. ಮುಚ್ಚಿಟ್ಟ ಸಂಗತಿಯೊಂದು ಹೊರಬಿದ್ದುದರಿಂದ ಮೇಷ್ಟರಿಗೆ ಭಾರ ಇಳಿದಂತಾಯಿತೆಂಬುದನ್ನು ಪತ್ನಿಯೊಬ್ಬರೇ ಗಮನಿಸಿದರು. ಮನೆ ಸೇರಿದಾಗ ಹುಳುಗಳು ಜ್ವರದಿಂದ ಎದ್ದಿರಲಿಲ್ಲ. ಮರುದಿನ ಮುಂಜಾನೆ ಅವು ಎದ್ದು, ಹಿಂದೆಂದೂ ತಿನ್ನದಷ್ಟು ಹಸಿವಿನಿಂದ ಸೊಪ್ಪಿಗೆ ಬಿದ್ದವು.

ಈ ಪ್ರವಾಸದ ಸುದ್ದಿ ಊರಿನ ಪ್ರೌಢಶಾಲೆಯನ್ನು ಮುಟ್ಟಲು ಹೆಚ್ಚು ದಿನ ಬೇಕಾಗಲಿಲ್ಲ. ಜನವರಿಯ ಶಾಲಾಪ್ರವಾಸಕ್ಕೆ ಈ ಸಲ ಪೆನುಕೊಂಡೆಯೇ ಗೊತ್ತಾಯಿತು. ಹೊರಡುವ ಹಿಂದಿನ ಸಂಜೆ ಮಕ್ಕಳಿಗೆ ನಾಲ್ಕು ಮಾತು ಹೇಳಬೇಕೆಂದು ಮುಖ್ಯೋಪಾಧ್ಯಾಯರು ಮೇಷ್ಟರನ್ನು ಕರೆದರು. ಅವರು ಕರಿಹಲಗೆಯ ಮೇಲೆ 1555, 1565 ಎಂದು ಎರಡು ಅಂಕಿಗಳನ್ನು ದೊಡ್ಡದಾಗಿ ಬರೆದರು. ಹಿಂದೆ ಒಂದು ವಾಕ್ಯದಲ್ಲಿ ಮುಗಿಯುತ್ತಿದ್ದ ಪಾಠಕ್ಕೆ ಒಂದು ಗಂಟೆ ಹಿಡಿಯಿತು. ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಸೋತು ಓಡಿಬಂದ ರಾಜರ ಊರನ್ನ ಯಾಕೆ ನೋಡಬೇಕು?" ಎಂದು ಕೇಳಿದನು. ಮಕ್ಕಳೆಲ್ಲ ನಕ್ಕರು.

ಮೇಷ್ಟರು ಆ ಧ್ವನಿ ಬಂದ ಕಡೆಗೆ ಮುಖ ತಿರುಗಿಸಿ ಹುಡುಗನನ್ನು ಹುಡುಕಿ ಹಿಡಿದರು. "ಒಳ್ಳೆ ಪ್ರಶ್ನೆ. ಓಡಿಬಂದವರು ಬಾಗಿಲು ಹಾಕಿಕೊಂಡು ಅಳುತ್ತಾ ಕೂತಿದ್ದರೆ ನೋಡಬೇಕಾಗಿರಲಿಲ್ಲ. ಅವರು ಗೋಡೆ ಎತ್ತಿದರು, ಗುಡಿ ಕಟ್ಟಿದರು, ಶತ್ರುವಿನ ಕಮಾನನ್ನೂ ಕಲಿತರು. ಒಂದು ಕಣ್ಣು ಹೋದವನೇ ಪಟ್ಟಕ್ಕೆ ಬಂದು ರಾಜ್ಯ ನಡೆಸಿದ. ಅದು ಹೇಗೆ ಅಂತ ನೋಡಿಕೊಂಡು ಬಂದು ನನಗೆ ಬರೆದುಕೊಡಿ" ಎಂದರು.

ಮರುದಿನ ಬೆಳಿಗ್ಗೆ ಆರು ಗಂಟೆಗೆ ಬಸ್ಸು ಬಂದಾಗ ಮೇಷ್ಟರು ಶಾಲೆಯ ಮುಂದೆ ಕೈಚೀಲ ಹಿಡಿದು ನಿಂತಿದ್ದರು, ಪಕ್ಕದಲ್ಲಿ ಅಜ್ಜಿ. ಮುಖ್ಯೋಪಾಧ್ಯಾಯರಿಗೆ ಆಶ್ಚರ್ಯವಾಯಿತು. "ನೀವು ಎರಡು ತಿಂಗಳ ಹಿಂದೆ ತಾನೇ ನೋಡಿಬಂದಿರಲ್ಲ, ಸಾರ್?" ಎಂದರು.

"ನೋಡಿದೆ. ಆದರೆ ಬೆಟ್ಟ ಹತ್ತಲಿಲ್ಲ" ಎಂದು ಮೇಷ್ಟರು ಮೆಟ್ಟಿಲನ್ನು ಕಾಲಿನಿಂದ ತಡವಿ ಬಸ್ಸು ಹತ್ತಿದರು.